ಯಜಮಾನಿಯ ಅನುಮಾನ

ಜೂನ್ ೨

ಪ್ರೀತಿಯ ಸೂಜಿಗೆ,

ನೀನು ಬಂದು ಸೇರಿದ ಸುದ್ದಿಯನ್ನು ಮೊಟ್ಟೆಯವನು ಹೇಳಿದ. ನೀನೇ ಒಂದು ಸಾಲು ಬರೆಯಬಹುದಿತ್ತು. ಇರಲಿ, ದರ್ಜಿಗಳ ಕೈಗೆ ದಾರ ಸಿಕ್ಕಷ್ಟು ಬೇಗ ಪೆನ್ನು ಸಿಗುವುದಿಲ್ಲ.

ನನ್ನ ಕಥೆ ಇಷ್ಟು. ಸೊಂಟದ ಮೂಳೆಗೆ ಕಬ್ಬಿಣ ಹಾಕಿದ್ದಾರೆ. ಮೂರು ತಿಂಗಳು ಮೆಟ್ಟಿಲು ಹತ್ತಿ ಇಳಿಯಕೂಡದು ಎಂದು ಮೂಳೆ ಡಾಕ್ಟರ ಅಪ್ಪಣೆ. ಮಗಳ ಮನೆ ಇರುವುದು ಮೂರನೆಯ ಮಹಡಿಯಲ್ಲಿ, ಅಂದರೆ ನನಗೆ ಜೈಲಾಯಿತು. ಕಾಲಿಗೆ ಅಡ್ಡ ಬಂದು ನನ್ನನ್ನು ಬೀಳಿಸಿದ ಆ ಹೆಬ್ಬಾತಿನ ಕತ್ತು ಹಿಸುಕಬೇಡ. ಆ ಕೆಲಸ ನಾನೇ ಬಂದು ಮಾಡುತ್ತೇನೆ.

ಫೋನಿನಲ್ಲಿ ಮಾತಾಡೋಣವೆಂದರೆ ಅಲ್ಲಿ ದಿಬ್ಬ ಹತ್ತದೆ ಸಿಗ್ನಲ್ ಸಿಗುವುದಿಲ್ಲ. ಇಲ್ಲಿ ನಾನು ಬಾಯಿ ತೆರೆದರೆ ಸಾಕು, ಮಗಳು ಅಳಿಯ ಇಬ್ಬರ ಕಿವಿಯೂ ನೆಟ್ಟಗಾಗುತ್ತದೆ. ಹಾಗಾಗಿ ಕಾಗದವೇ ವಾಸಿ.

ಅದು ನೀನು ಹುಟ್ಟಿ ಬೆಳೆದ ಮನೆ. ಯಾವ ಹಲಗೆ ಕಿರುಗುಟ್ಟುತ್ತದೆ ಎನ್ನುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೆ ಮೇಕೆಗಳು ನಿನಗೆ ಗೊತ್ತಿಲ್ಲ. ನಿನ್ನ ಅಣ್ಣ ಹೋದ ಮೇಲೆ ಒಂದೊಂದನ್ನೂ ಸಾಕಿದವಳು ನಾನು. ಬೇರೆಯವರ ಕೈ ಅವಕ್ಕೆ ಸೋಕಿಲ್ಲ. ಒಂದು ಕಿವಿ ಕಪ್ಪು, ಒಂದು ಕಿವಿ ಬಿಳಿ ಇರುವವಳು ಯಜಮಾನಿ. ತಾಯಿ ಸತ್ತಾಗ ನಾನೇ ಸೀಸೆಯಲ್ಲಿ ಹಾಲು ಕುಡಿಸಿ ಬದುಕಿಸಿದ್ದು. ಅವಳು ನಡೆದ ದಾರಿಯಲ್ಲೇ ಉಳಿದ ಹತ್ತೂ ನಡೆಯುತ್ತವೆ. ಬೆಳಿಗ್ಗೆ ಮೊದಲು ಅವಳನ್ನೇ ಕರೆಯಬೇಕು, ಹಾಲನ್ನೂ ಮೊದಲು ಅವಳದ್ದೇ ಕರೆಯಬೇಕು. ಇಲ್ಲವಾದರೆ ಮುನಿಸು.

ನೀನು ಯಾವಾಗಲೂ ಮಲಗುವ ಹಿಂದಿನ ಕೋಣೆಯಲ್ಲೇ ಮಲಗು. ನನ್ನ ಕೋಣೆಯ ಬೀರುವಿಗೆ ಬೀಗ ಹಾಕಿದೆ, ಬೀಗದ ಕೈ ನನ್ನ ಹತ್ತಿರವೇ ಇದೆ. ನಿನಗೆ ಅದರಲ್ಲಿ ಏನೂ ಬೇಕಾಗುವುದಿಲ್ಲ ಎಂದು ಗೊತ್ತು. ಆದರೂ ಹೇಳಿದ್ದೇನೆ.

ನಿನ್ನ
ಅತ್ತಿಗೆ

*

ಜೂನ್ ೯

ಅತ್ತಿಗೆಗೆ ನಮಸ್ಕಾರ.

ಪೆನ್ನು ಸಿಕ್ಕಿತು. ಹಿಂಡಿ ಚೀಲದ ಹಿಂದೆ ಬಿದ್ದಿತ್ತು.

ಇಲ್ಲಿ ಎಲ್ಲ ಚೆನ್ನಾಗಿದೆ. ಹನ್ನೊಂದೂ ಹೊಟ್ಟೆ ತುಂಬ ಮೇಯುತ್ತವೆ, ಹಾಲು ಬರುತ್ತಿದೆ. ಕೋಳಿಗಳು ಎಂದಿನಂತೆ ಎಲ್ಲಿ ಬೇಡವೋ ಅಲ್ಲೇ ಮೊಟ್ಟೆ ಇಡುತ್ತಿವೆ. ಹೆಬ್ಬಾತು ನನ್ನನ್ನು ಕಂಡರೆ ಕತ್ತು ಚಾಚಿ ಓಡಿ ಬರುತ್ತದೆ. ಎರಡು ಸಲ ಮೀನಖಂಡಕ್ಕೆ ಕಚ್ಚಿದೆ. ನೀವು ಬರುವವರೆಗೆ ಅದರ ಕತ್ತು ಉಳಿಯುತ್ತದೆಂದು ಮಾತು ಕೊಡಲಾರೆ. ನಿಮ್ಮ ಹೋತ, ಆ ಸಾಹೇಬ, ನನ್ನ ಅಳತೆ ಟೇಪನ್ನು ನಲವತ್ತು ಅಂಗುಲದಷ್ಟು ತಿಂದುಬಿಟ್ಟ. ಉಳಿದಿರುವುದು ಇಪ್ಪತ್ತು. ಇನ್ನು ಮಕ್ಕಳ ಬಟ್ಟೆ ಮಾತ್ರ ಹೊಲಿಯಬಹುದು.

ನಿಮ್ಮನ್ನು ಕೆಲವು ವಿಷಯ ಕೇಳಬೇಕಿತ್ತು. ನೀವು ಯಾವ ಸೋಪು ಹಾಕುತ್ತೀರಿ? ಮಂಡಿಗೆ ಹಚ್ಚುತ್ತಿದ್ದ ಆ ನೋವಿನೆಣ್ಣೆ ಯಾವುದು, ಎಲ್ಲಿಟ್ಟಿದ್ದೀರಿ? ಹಾಲು ಕರೆಯುವಾಗ ಯಜಮಾನಿಗೆ ಏನಾದರೂ ಹೇಳುವ ಅಭ್ಯಾಸ ಉಂಟೇ? ಸುಮ್ಮನೆ ಕೇಳಿದೆ.

ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದಿದ್ದೇನೆ. ಅದರ ಚಿಂತೆ ಬೇಡ. ಮೂರು ತಿಂಗಳಲ್ಲ, ಇನ್ನೂ ಹೆಚ್ಚಾದರೂ ನನಗೆ ತೊಂದರೆಯಿಲ್ಲ.

ನಿಮ್ಮ ನಾದಿನಿ
ಸೂಜಿ

*

ಜೂನ್ ೧೭

ಸೂಜಿಗೆ,

ನಿನ್ನ ಕಾಗದವನ್ನು ಓದಿ, ಮಡಚಿಟ್ಟು, ಮತ್ತೆ ತೆಗೆದು ಓದಿದೆ. ನನ್ನ ಸೋಪು ಕಟ್ಟಿಕೊಂಡು ನಿನಗೇನಾಗಬೇಕು? ಅಂಗಡಿಯಲ್ಲಿ ಸಿಗುವ ಯಾವುದೋ ಸೋಪು. ಎಣ್ಣೆ ಮುಗಿದಿದೆ, ಹುಡುಕುವುದು ಬೇಡ. ಹಾಲು ಕರೆಯುವಾಗ ನಾನು ಏನೂ ಹೇಳುವುದಿಲ್ಲ. ಬಾಯಿ ಮುಚ್ಚಿಕೊಂಡು ಕರೆಯುತ್ತೇನೆ. ಹಾಲು ಕರೆಯುವುದು ಕೈಯಿಂದ, ಬಾಯಿಂದಲ್ಲ.

"ಹಾಲು ಬರುತ್ತಿದೆ" ಎಂದು ಬರೆದಿದ್ದೀಯ. ಎಷ್ಟು ಎಂದು ಬರೆದಿಲ್ಲ. ಮೊಟ್ಟೆಯವನು ನಿನ್ನೆ ಬಂದಿದ್ದ. ವಾರಕ್ಕೊಮ್ಮೆ ಈ ಪೇಟೆಗೆ ಮೊಟ್ಟೆ ಹಾಕಲು ಬರುತ್ತಾನಲ್ಲ, ಪಾಪ, ಮಹಡಿ ಹತ್ತಿ ನನ್ನನ್ನು ನೋಡಿಕೊಂಡು ಹೋಗುತ್ತಾನೆ. ಡೈರಿಗೆ ಹಾಲಿನ ಕ್ಯಾನು ಒಯ್ಯುವವನೂ ಅವನೇ ಎನ್ನುವುದನ್ನು ನೀನು ಮರೆತಂತಿದೆ. "ಅಮ್ಮಾ, ಈಗ ಒಂದೇ ಕೈಲಿ ಎತ್ತಿ ಗಾಡಿಗೆ ಇಡ್ತೀನಿ. ಮೊದಲು ಎರಡು ಕೈ ಬೇಕಿತ್ತು" ಅಂದ. ಹಾಗಾದರೆ ಮಿಕ್ಕ ಹಾಲು ಎಲ್ಲಿಗೆ ಹೋಗುತ್ತಿದೆ? ಇದನ್ನೂ ಸುಮ್ಮನೆ ಕೇಳಿದೆ.

ಮೂರು ತಿಂಗಳಿಗಿಂತ ಹೆಚ್ಚಾಗುವುದಿಲ್ಲ. ನಿನ್ನ ಅಂಗಡಿಯ ಗಿರಾಕಿಗಳು ಬೇರೆ ದರ್ಜಿಯನ್ನು ಹುಡುಕಿಕೊಂಡಾರು, ನೋಡಿಕೋ.

ಅತ್ತಿಗೆ

*

ಜೂನ್ ೨೪

ಅತ್ತಿಗೆಗೆ ನಮಸ್ಕಾರ.

ಹಾಲು ಕಡಿಮೆಯಾಗಿರುವುದು ನಿಜ. ಹೊಸ ಕೈಗೆ ಹೊಂದಿಕೊಳ್ಳಲು ಮೇಕೆಗಳಿಗೂ ಸಮಯ ಬೇಕು. ಹಾಲು ಕೊಡುವ ಉಳಿದ ನಾಲ್ಕು ಹೊಂದಿಕೊಂಡಿವೆ. ಯಜಮಾನಿಯೂ ಹೊಂದಿಕೊಳ್ಳುತ್ತಾಳೆ. ಮೊನ್ನೆ ಪಶುವೈದ್ಯರು ಈ ಕಡೆ ಬಂದವರು ಹಾಗೇ ಒಳಗೆ ಬಂದು ಎಲ್ಲವನ್ನೂ ನೋಡಿ, "ಚೆನ್ನಾಗಿವೆ" ಎಂದು ಹೇಳಿ ಹೋದರು.

ಮಿಕ್ಕ ಹಾಲು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದ್ದೀರಿ. ನಾನು ಕುಡಿಯುತ್ತಿಲ್ಲ, ಅತ್ತಿಗೆ. ಮೇಕೆ ಹಾಲಿನ ವಾಸನೆ ನನಗೆ ಹುಟ್ಟಿದಾಗಿನಿಂದ ಆಗುವುದಿಲ್ಲ. ನಿಮಗೆ ಅದು ಗೊತ್ತು.

ಮೊಟ್ಟೆಯವನನ್ನು ಮೊಟ್ಟೆ ಎಣಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೀರಿ ಎಂದುಕೊಂಡಿದ್ದೆ. ಈಗ ಅವನು ನನ್ನನ್ನೂ ಎಣಿಸುತ್ತಾನೆ. ನಿಮ್ಮ ಕೋಣೆಯ ಕಿಟಕಿಗೆ ಮೂಗು ಒತ್ತಿ ಇಣುಕುತ್ತಾನೆ, ಗಾಜಿನ ಮೇಲೆ ಗುರುತು ಹಾಗೇ ಇದೆ. ಒರೆಸದೆ ಬಿಟ್ಟಿದ್ದೇನೆ. ನೀವು ಬಂದಾಗ ಯಾರ ಮೂಗೆಂದು ನೋಡಿ ಹೇಳಿ. ನೀವೇ ಅವನಿಗೆ ಹೇಳಿ ಕಳಿಸಿದ್ದೋ ಅಥವಾ ಅವನ ಹುಟ್ಟುಗುಣವೋ?

ಇನ್ನೊಂದು ಮಾತು. ನಿಮ್ಮ ಬೀರುವಿನ ಬೀಗದ ಕೈ ಕಳಿಸಲಾಗುತ್ತದೆಯೇ? ಬಟ್ಟೆಗಳಿಗೆ ನುಸಿ ಬಿದ್ದಂತೆ ಅನುಮಾನ. ಬಿಸಿಲಿಗೆ ಹಾಕಬೇಕು.

ಸೂಜಿ

*

ಜುಲೈ ೩

ಸೂಜಿಗೆ,

ಬೀಗದ ಕೈ ಕಳಿಸುವುದಿಲ್ಲ. ನನ್ನ ಬಟ್ಟೆಯ ನುಸಿಯನ್ನು ನಾನೇ ಬಂದು ವಿಚಾರಿಸಿಕೊಳ್ಳುತ್ತೇನೆ.

ಪಶುವೈದ್ಯರು ಹಾಗೇ ಬಂದು ಹಾಗೇ ನೋಡಿ ಹೋದರಂತೆ! ಈ ಮಾತನ್ನು ಯಾರಿಗಾದರೂ ಮೇಕೆ ಸಾಕದವರಿಗೆ ಹೇಳು. ಮೂರು ಸಲ ಕರೆಕಳಿಸದೆ ಆ ಮನುಷ್ಯ ನಮ್ಮ ಗೇಟಿನ ಹತ್ತಿರ ಸುಳಿದವನಲ್ಲ. ಯಾವುದಕ್ಕೆ ಏನಾಗಿದೆ? ಯಾಕೆ ಮುಚ್ಚಿಡುತ್ತಿದ್ದೀಯ?

ಮೊಟ್ಟೆಯವನ ಮೂಗನ್ನು ಬಿಡು, ಅವನ ಕಣ್ಣು ಮಾತ್ರ ಸರಿಯಾಗಿದೆ. ಮೊನ್ನೆ ಅಲ್ಲಿಗೆ ಬಂದಾಗ ಗೇಟಿನಲ್ಲಿ ಒಂದು ಕ್ಷಣ ಬೆಚ್ಚಿಬಿದ್ದನಂತೆ. "ಅಮ್ಮಾ, ನೀವೇ ವಾಪಸ್ ಬಂದ್ಬಿಟ್ರೇನೋ ಅಂದ್ಕೊಂಡೆ. ಅದೇ ಕಂದು ಸ್ವೆಟರು, ಅದೇ ರಬ್ಬರ್ ಬೂಟು. ತಿರುಗಿದಾಗ ನೋಡಿದ್ರೆ ನಿಮ್ಮ ನಾದಿನಿ. ಕತ್ತಿಗೆ ದಿಂಬಿನ ಚೀಲ ಕಟ್ಕೊಂಡಿದ್ರು" ಅಂದ. ದಿಂಬಿನ ಚೀಲ ಯಾಕೆಂದು ನನಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ನನ್ನ ದಿಂಬು ಇರುವುದು ನನ್ನ ಕೋಣೆಯಲ್ಲಿ, ನನ್ನ ಮಂಚದ ಮೇಲೆ. ಇಷ್ಟು ಮಾತ್ರ ನನಗೆ ಗೊತ್ತು.

ಇಲ್ಲಿ ಕುರ್ಚಿಯಲ್ಲಿ ಕುಳಿತವಳಿಗೆ ಬೇರೆ ಕೆಲಸವಿಲ್ಲ. ಎದುರಿನ ಮನೆಯವರು ಬಟ್ಟೆ ಒಣಹಾಕುವುದು, ತೆಗೆಯುವುದು, ಮತ್ತೆ ಒಣಹಾಕುವುದು ನೋಡುತ್ತ ಯೋಚಿಸುತ್ತೇನೆ. ಮೊದಲು ಸೋಪು ಕೇಳಿದೆ. ಆಮೇಲೆ ಎಣ್ಣೆ, ಬೀರುವಿನ ಬೀಗದ ಕೈ. ಈಗ ಸ್ವೆಟರು ಮೈಮೇಲೇ ಬಂದಿದೆ. ಇನ್ನೇನು ಉಳಿಯಿತು?

ಅತ್ತಿಗೆ

*

ಜುಲೈ ೯

ಅತ್ತಿಗೆಗೆ,

ಸ್ವೆಟರು ಗೂಟದ ಮೇಲೆ ಇತ್ತು, ಹಾಕಿಕೊಂಡೆ. ಬೆಳಗಿನ ಹೊತ್ತು ಕೊಟ್ಟಿಗೆಯಲ್ಲಿ ಚಳಿ. ಹಾಕಿಕೊಳ್ಳುವ ಮೊದಲು ಚೆನ್ನಾಗಿ ಒಗೆದೆ. ಇನ್ನೊಬ್ಬರ ಬಟ್ಟೆಯನ್ನು ಒಗೆಯದೆ ಹಾಕಿಕೊಳ್ಳುವ ಅಭ್ಯಾಸ ನನಗಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಅದೇ, ಆದರೆ ನೀವು ತಿಳಿದುಕೊಂಡ ತಪ್ಪಲ್ಲ. ದಿಂಬಿನ ಚೀಲದ ವಿಷಯವನ್ನು ಕಾಗದದಲ್ಲಿ ಬರೆಯಲಾರೆ. ಸ್ವೆಟರಿನ ಮೊಣಕೈ ಹರಿದಿತ್ತು, ತೇಪೆ ಹಾಕಿದ್ದೇನೆ. ಎಲ್ಲಿ ಹಾಕಿದ್ದೇನೆಂದು ಕಂಡುಹಿಡಿದರೆ ನಿಮಗೆ ಬಹುಮಾನ.

ಪಶುವೈದ್ಯರನ್ನು ನಾನೇ ಕರೆಸಿದ್ದೆ. ಯಜಮಾನಿಯ ಕೆಚ್ಚಲು ಗಟ್ಟಿಯಾಗಿ ಬಿಸಿಯೇರಿತ್ತು. ನಿಮಗೆ ತಿಳಿಸಿದ್ದರೆ ಆ ಕಾಲಿನಲ್ಲೇ ಮೆಟ್ಟಿಲು ಇಳಿದು ಬರುತ್ತಿದ್ದಿರಿ. ಅದಕ್ಕೇ ತಿಳಿಸಲಿಲ್ಲ. ಈಗ ಬಾವು ಇಳಿದಿದೆ, ಹಾಲೂ ಸರಿಹೋಗಿದೆ. ಕ್ಯಾನಿಗೆ ಈಗ ಎರಡು ಕೈ ಬೇಕು, ನಿಮ್ಮ ಮನುಷ್ಯನನ್ನೇ ಕೇಳಿ. ಹೇಗೆ ಸರಿಹೋಯಿತೆಂದು ಮಾತ್ರ ಕೇಳಬೇಡಿ.

ನಾನೂ ಒಂದು ವಿಷಯ ಕೇಳುತ್ತೇನೆ. ಸೋಮವಾರ ಒಬ್ಬ ಮನುಷ್ಯ ವ್ಯಾನಿನಲ್ಲಿ ಬಂದ. ಮೇಕೆ ವ್ಯಾಪಾರಿಯಂತೆ. ನನ್ನನ್ನು ಕೇಳದೆ ದೊಡ್ಡಿಯೊಳಗೆ ಹೋಗಿ ಒಂದೊಂದರ ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನು ಒತ್ತಿ ನೋಡಿದ. "ಯಾರಪ್ಪಾ ನೀನು?" ಅಂದರೆ, "ಅಮ್ಮಾವ್ರು ಹೇಳಿ ಕಳಿಸಿದ್ದಾರೆ" ಅಂದ. ಯಜಮಾನಿಯ ಬಾಯಿಗೆ ಕೈ ಹಾಕಿದಾಗ ಅವಳು ಬೆರಳು ಕಚ್ಚಿದಳು. ನಾನು ತಡೆಯಲಿಲ್ಲ.

ಹಿಂಡನ್ನು ಮಾರುವ ಯೋಚನೆ ಇದ್ದರೆ ನನಗೆ ಹೇಳಬಹುದಿತ್ತು. ಬೆಳಿಗ್ಗೆ ಎದ್ದು ಅವುಗಳ ಹಿಕ್ಕೆ ಗುಡಿಸುತ್ತಿರುವವಳು ನಾನಲ್ಲವೇ?

ಸೂಜಿ

*

ಜುಲೈ ೧೬

ನಾದಿನಿಯವರಿಗೆ,

ಹೌದು, ನಾನೇ ಹೇಳಿ ಕಳಿಸಿದ್ದು. ಆಗ ಬರೀ ಬೆಲೆ ತಿಳಿಯುವುದಕ್ಕೆ, ಈಗ ಮಾರುವುದೇ ಎಂದು ತೀರ್ಮಾನಿಸಿದ್ದೇನೆ. ಆಗಸ್ಟ್ ಒಂದನೆಯ ತಾರೀಕು ವ್ಯಾಪಾರಿ ಬಂದು ಹನ್ನೊಂದನ್ನೂ ಹೊಡೆದುಕೊಂಡು ಹೋಗುತ್ತಾನೆ. ಮಾತು ಕೊಟ್ಟಾಗಿದೆ. ಗೇಟು ತೆರೆದಿಟ್ಟರೆ ಸಾಕು, ನೀವು ಬೇರೇನೂ ಮಾಡಬೇಕಾಗಿಲ್ಲ.

ಯಾಕೆಂದು ಹೇಳುತ್ತೇನೆ. ಮೊಟ್ಟೆಯವನು ಈ ವಾರ ಮೆಟ್ಟಿಲು ಹತ್ತಿ ಬಂದವನು ನೀರು ಕೇಳಿ ಕುಡಿದು ಆಮೇಲೆ ಬಾಯಿ ಬಿಟ್ಟ. ಕೊಟ್ಟಿಗೆಯ ಹೊರಗೆ ನಿಂತಿದ್ದನಂತೆ. ಒಳಗೆ ನನ್ನ ದನಿ ಕೇಳಿಸಿತಂತೆ. "ನಿಮ್ಮ ದನಿನೇ ಅಮ್ಮಾ, ಆ ಎಳೆಯೋದು, ಆ ಕೆಮ್ಮು, ಎಲ್ಲ. ಮೈ ಜುಮ್ಮಂತು" ಅಂದ. ಏನು ಹೇಳುತ್ತಿದ್ದಳು ಎಂದು ಕೇಳಿದೆ. ಅವನು ನೆಲ ನೋಡಿದ. "ಏನೋ ಬೈಗುಳ ಅಮ್ಮಾ, ನನ್ನ ಬಾಯಲ್ಲಿ ಬರೋದಿಲ್ಲ" ಅಂದ.

ನನ್ನ ಸ್ವೆಟರು ಹಾಕಿಕೊಂಡಿರಿ, ನನ್ನ ದಿಂಬು ತೆಗೆದುಕೊಂಡಿರಿ. ಈಗ ನನ್ನ ಕೆಮ್ಮನ್ನೂ ಬಿಡಲಿಲ್ಲ. ಮೂಳೆ ಮುರಿದು ಬಿದ್ದವಳನ್ನು ಅಣಕಿಸಿ ನಗುವುದಕ್ಕೆ ಕೊಟ್ಟಿಗೆಯೇ ಆಗಬೇಕಿತ್ತೇ? ಕೇಳುವುದಕ್ಕೆ ಮೇಕೆಗಳೇ ಸಿಕ್ಕವೇ? ಅಣ್ಣನ ಮನೆ ಬೇಕು ಎಂದು ಬಾಯಿಬಿಟ್ಟು ಕೇಳಿದ್ದರೆ ಕುಳಿತು ಮಾತಾಡಬಹುದಿತ್ತು. ಹೀಗೆ ಒಂದೊಂದೇ ನೂಲೆಳೆದು ಬಿಚ್ಚುವ ಕೆಲಸವನ್ನು ದರ್ಜಿಯ ಹತ್ತಿರವೇ ಕಲಿಯಬೇಕು.

ಮೇಕೆಗಳು ಹೋದ ಮೇಲೆ ನಿಮಗೂ ಅಲ್ಲಿ ಕೆಲಸವಿರುವುದಿಲ್ಲ. ಕೀಲಿಯನ್ನು ಮೊಟ್ಟೆಯವನ ಕೈಗೆ ಕೊಟ್ಟು ಹೊರಡಬಹುದು.

ಇದನ್ನು ಬರೆಯುವಾಗ ನನಗೆ ಅಳು ಬಂತು. ಮೇಕೆಗಳಿಗಾಗಿ ಅತ್ತೆ, ನಿಮಗಾಗಿ ಅಲ್ಲ.

ನಿಮ್ಮ ಅಣ್ಣನ ಹೆಂಡತಿ

*

ಜುಲೈ ೨೦

ಅತ್ತಿಗೆಗೆ,

ಆಯಿತು. ಮೇಕೆಗಳು ನಿಮ್ಮವು. ಮಾರಿ.

ನಾನು ನಿಮ್ಮನ್ನು ಅಣಕಿಸಲಿಲ್ಲ. ಏನು ಮಾಡುತ್ತಿದ್ದೆ ಎಂದು ಹೇಳಿಬಿಟ್ಟರೆ ನೀವು ನನ್ನ ಮುಖ ನೋಡಲಾರಿರಿ, ನಾನು ನಿಮ್ಮ ಮುಖ ನೋಡಲಾರೆ. ಹೇಳದೆ ಇದ್ದರೆ ಕಳ್ಳಿಯಾಗುತ್ತೇನೆ. ಎರಡನ್ನೂ ತೂಗಿ ನೋಡಿದೆ, ಕಳ್ಳಿಯಾಗಿರುವುದೇ ಸುಲಭ ಎನಿಸಿತು. ಒಂದು ಮಾತು ಮಾತ್ರ ಹೇಳುತ್ತೇನೆ. ಹಾಲು ಕರೆಯುವಾಗ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಬರೆದಿದ್ದಿರಿ. ಅದನ್ನು ಓದಿ ನನಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಗೇಟು ನಾನು ತೆರೆದಿಡುವುದಿಲ್ಲ. ಯಜಮಾನಿಯ ಹಗ್ಗವನ್ನು ವ್ಯಾಪಾರಿಯ ಕೈಗೆ ಕೊಡುವುದಿದ್ದರೆ ನಿಮ್ಮ ಕೈಯಿಂದಲೇ ಕೊಡಿ. ಇನ್ನೊಬ್ಬರ ಕೈಗೆ ಹೋದರೆ ಅವಳು ಮತ್ತೆ ಹಾಲು ಬಿಗಿಹಿಡಿಯುತ್ತಾಳೆ, ಕೆಚ್ಚಲು ಮತ್ತೆ ಕಲ್ಲಾಗುತ್ತದೆ. ಆ ನೋವನ್ನು ನಾನು ಒಂದು ಸಲ ನೋಡಿದ್ದೇನೆ. ಕುಂಡೆ ಊರಿ ಕುಳಿತು ಹಲ್ಲು ಕಡಿಯುತ್ತಿದ್ದಳು. ವ್ಯಾಪಾರಿಗೆ ಹಾಲು ಕೊಡದ ಮೇಕೆ ಸಿಕ್ಕರೆ ಅದನ್ನು ಎಲ್ಲಿಗೆ ಕಳಿಸುತ್ತಾನೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನನ್ನ ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ಸ್ವೆಟರು ಗೂಟಕ್ಕೆ ಹಾಕಿದ್ದೇನೆ. ಬೆಳಿಗ್ಗೆ ಮಾತ್ರ ಹಾಕಿಕೊಳ್ಳುತ್ತೇನೆ, ಒಂದನೆಯ ತಾರೀಕಿನವರೆಗೆ.

ಸೂಜಿ

*

ಆಗಸ್ಟ್ ೨

ಅತ್ತಿಗೆಗೆ,

ನಿನ್ನೆ ಇಡೀ ದಿನ ಗೇಟಿನ ಹತ್ತಿರ ಕೋಲು ಹಿಡಿದು ಕುಳಿತಿದ್ದೆ. ಹೆಬ್ಬಾತೂ ನನ್ನ ಪಕ್ಕದಲ್ಲೇ ನಿಂತಿತ್ತು. ಜೀವಮಾನದಲ್ಲಿ ಮೊದಲ ಸಲ ಅದು ಮತ್ತು ನಾನು ಒಂದೇ ಕಡೆ. ವ್ಯಾಪಾರಿ ಬರಲಿಲ್ಲ. ಮೊಟ್ಟೆಯವನು ಬಂದ, ಆದರೆ ಬಾಯಿ ಬಿಡಲಿಲ್ಲ. ಕಿಟಕಿ ಕಡೆಗೂ ಹೋಗಲಿಲ್ಲ. ಕ್ಯಾನು ಎತ್ತಿಕೊಂಡು ನನಗೊಂದು ನಮಸ್ಕಾರ ಬೇರೆ ಹಾಕಿ ಹೋದ. ಅವನಿಂದ ನಮಸ್ಕಾರ ಬಂದರೆ ನನಗೆ ಭಯವಾಗುತ್ತದೆ.

ಇದು ಯಾವ ಹೊಸ ಆಟ? ದಿನ ಮುಂದೆ ಹಾಕಿದ್ದೀರಾ? ನಾನು ಪೆಟ್ಟಿಗೆ ಬಿಚ್ಚಲೋ ಬೇಡವೋ?

ಸೂಜಿ

*

ಆಗಸ್ಟ್ ೬

ಸೂಜಿ,

ಪೆಟ್ಟಿಗೆ ಬಿಚ್ಚು.

ವ್ಯಾಪಾರಿ ಬರುವುದಿಲ್ಲ. ಅವನ ಮನೆ ಬಾಗಿಲಿಗೇ ಹೋಗಿ ಬೇಡವೆಂದು ಹೇಳಿಬಂದಿದ್ದೇನೆ. ಹೌದು, ನಾನೇ ಹೋಗಿ. ನಿನ್ನ ಜುಲೈ ಇಪ್ಪತ್ತರ ಕಾಗದ ಸಿಕ್ಕ ಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಂತೂ ಮೊದಲೇ ಆಗುತ್ತಿರಲಿಲ್ಲ. ಏನೋ ಮುಚ್ಚಿಡುತ್ತಿದ್ದೀಯ, ಅದನ್ನು ಕಣ್ಣಾರೆ ಹಿಡಿಯಬೇಕು ಎಂಬ ಹಠ ಹತ್ತಿತು. ಮಗಳು ರಾತ್ರಿ ಪಾಳಿಗೆ ಹೋಗಿದ್ದ ದಿನ, ಅಳಿಯ ಗೊರಕೆ ಹೊಡೆಯುತ್ತಿದ್ದಾಗ, ಮೆಟ್ಟಿಲ ಮೇಲೆ ಕುಳಿತು ಒಂದೊಂದೇ ಮೆಟ್ಟಿಲು ಜಾರುತ್ತ ಇಳಿದೆ, ತೆವಳುವ ಮಗುವಿನ ಹಾಗೆ. ಕೆಳಗೆ ಮೊಟ್ಟೆಯವನು ವ್ಯಾನು ತಂದಿದ್ದ. "ಅಮ್ಮಾ, ಟ್ರೇ ಮೇಲೆ ಮಾತ್ರ ಒರಗಬೇಡಿ" ಅಂದ. ದಾರಿಯುದ್ದಕ್ಕೂ ಅವನಿಗೆ ನನ್ನ ಸೊಂಟಕ್ಕಿಂತ ಮೊಟ್ಟೆಯದೇ ಚಿಂತೆ.

ಬೆಳಕು ಹರಿಯುವ ಹೊತ್ತಿಗೆ ತಲುಪಿದೆವು. ಅವನನ್ನು ರಸ್ತೆಯಲ್ಲೇ ನಿಲ್ಲಿಸಿ, ಊರುಗೋಲು ಹಾಕಿಕೊಂಡು ಕೊಟ್ಟಿಗೆಯ ಹಿಂಬದಿಗೆ ಬಂದೆ. ಹಲಗೆಯ ಸಂದಿಯಲ್ಲಿ ಕಣ್ಣಿಟ್ಟೆ. ಮೊಟ್ಟೆಯವನ ಮೂಗಿನ ಬಗ್ಗೆ ಇನ್ನು ನಾನು ಮಾತಾಡುವ ಹಾಗಿಲ್ಲ.

ನನ್ನ ಸ್ಟೂಲಿನ ಮೇಲೆ ನನ್ನ ಸ್ವೆಟರಿನಲ್ಲಿ ನೀನು ಕುಳಿತಿದ್ದೆ. ಕತ್ತಿಗೆ ನನ್ನ ದಿಂಬಿನ ಚೀಲ. ಯಜಮಾನಿ ಮೂತಿಯನ್ನು ಅದರಲ್ಲಿ ಹುದುಗಿಸಿ ಮೂಸುತ್ತಿದ್ದಳು. ಆಗ ನನಗೆ ಒಂದೊಂದೇ ತಿಳಿಯಿತು. ಸ್ವೆಟರನ್ನು ಒಗೆದು ನನ್ನ ವಾಸನೆಯನ್ನೆಲ್ಲ ಕಳೆದುಕೊಂಡವಳು ನೀನು. ಆಮೇಲೆ ಮನೆಯಿಡೀ ನನ್ನ ವಾಸನೆಯನ್ನು ಹುಡುಕಿದ್ದೀಯ. ಸೋಪು, ಎಣ್ಣೆ, ಬೀರುವಿನ ಬಟ್ಟೆ. ನಾನು ಯಾವುದನ್ನೂ ಕೊಡಲಿಲ್ಲ. ಕೊನೆಗೆ ಒಗೆಯದೆ ಉಳಿದಿದ್ದದ್ದು ದಿಂಬಿನ ಚೀಲ ಒಂದೇ.

ಇಷ್ಟಾದರೂ ನನಗೆ ನಗುವೇ ಬರುತ್ತಿತ್ತು. ಆಮೇಲೆ ನೀನು ಬಾಯಿ ತೆರೆದೆ.

"ಬಂದ್ಲು ನೋಡು ಸೂಜಿ. ಎರಡು ದಿನಕ್ಕೆ ಅಂತ ಬರ್ತಾಳೆ, ಇಪ್ಪತ್ತು ದಿನ ಕೂರ್ತಾಳೆ. ತಿನ್ನೋದು ಗುಬ್ಬಿಯಷ್ಟು, ಮಾತು ಮಾತ್ರ ಮೂಟೆ. ಒಂದು ಕಡ್ಡಿ ಎತ್ತಿಡೋದು ಗೊತ್ತಿಲ್ಲ, ಕಣ್ಣು ಮಾತ್ರ ಮನೆ ಮೇಲೆ. ಗಂಡ ಇಲ್ಲ, ಮಕ್ಕಳಿಲ್ಲ, ಕೊನೆಗೆ ಬಂದು ನನ್ನ ತಲೆ ಮೇಲೇ ಕೂರ್ತಾಳೆ ನೋಡ್ತಿರು."

ನಡುವೆ ನನ್ನ ಕೆಮ್ಮು. ನನ್ನದೇ ರಾಗ. ಒಂದು ಅಕ್ಷರ ಆಚೆ ಈಚೆ ಇಲ್ಲ. ಯಜಮಾನಿ ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದಳು. ಹಾಲು ಬಕೆಟ್ಟಿಗೆ ಸರಸರನೆ ಬೀಳುತ್ತಿತ್ತು.

ನಾನು ಹಲಗೆ ಹಿಡಿದು ನಿಂತೆ. ಅವು ಪ್ರತಿವರ್ಷ ನೀನು ಬಂದಾಗ ಬೆಳಿಗ್ಗೆ ಬೆಳಿಗ್ಗೆ ಆ ಮೇಕೆಗೆ ನಾನು ಹೇಳಿಕೊಳ್ಳುತ್ತಿದ್ದ ಮಾತುಗಳು. ಹಿಂದಿನ ಕೋಣೆಗೂ ಕೊಟ್ಟಿಗೆಗೂ ನಡುವೆ ಇರುವುದು ಒಂದೇ ಹಲಗೆ ಗೋಡೆ. ನೀನು ಹೊತ್ತಾಗಿ ಏಳುವವಳು ಎಂದುಕೊಂಡಿದ್ದೆ. ಎಲ್ಲ ಕೇಳಿಸಿಕೊಂಡು, ಎದ್ದು ಬಂದು, ನಾನು ಕೊಟ್ಟ ಟೀ ಕುಡಿದು, "ಚೆನ್ನಾಗಿದೆ ಅತ್ತಿಗೆ" ಎನ್ನುತ್ತಿದ್ದೆಯಲ್ಲ, ಎಂಥ ಹೆಂಗಸು ನೀನು?

ಹಾಲು ಮುಗಿದ ಮೇಲೆ ನೀನು ಯಜಮಾನಿಯ ಬೆನ್ನು ತಟ್ಟಿ ನಿನ್ನದೇ ದನಿಯಲ್ಲಿ ಅಂದೆ, "ಸಾಕಾ ತಾಯೀ? ನಾಳೆ ಇನ್ನೂ ಚೆನ್ನಾಗಿ ಬೈಕೋತೀನಿ."

ಒಳಗೆ ಬರಬೇಕಿತ್ತು. ಯಾವ ಮುಖ ಹೊತ್ತು ಬರಲಿ? ತಿರುಗಿ ಹೊರಟೆ. ಅಷ್ಟರಲ್ಲಿ ನೀನು ದೊಡ್ಡಿ ಬಾಗಿಲು ತೆಗೆದು ಮನೆಯೊಳಗೆ ಹೋದೆ, ಯಜಮಾನಿ ಬೇಲಿಯವರೆಗೆ ಬಂದಳು. ನಾನು ಕೈ ಚಾಚಿದೆ. ಮೂಸಿದಳು, ಸೀನಿದಳು, ತಿರುಗಿ ಹೋದಳು. ಆಸ್ಪತ್ರೆಯ ಮುಲಾಮು, ಮಗಳ ಮನೆಯ ಸೋಪು, ಇನ್ನೇನು ಸಿಗಬೇಕು ಅವಳಿಗೆ? ನನ್ನ ಮುಖ ನೋಡಿ ಬರುತ್ತಾಳೆ ಎಂದು ಇಷ್ಟು ವರ್ಷ ಬೀಗುತ್ತಿದ್ದೆ. ಅವಳು ಬರುತ್ತಿದ್ದದ್ದು ನನ್ನ ಬೆವರಿಗೆ. ಬಹಳ ಬೇಜಾರಾಯಿತು ಸೂಜಿ, ನಿನ್ನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಸುಳ್ಳು ಯಾಕೆ ಹೇಳಲಿ? ವಾಪಸ್ ಬರುವ ದಾರಿಯಲ್ಲೇ ವ್ಯಾಪಾರಿಯ ಬಾಗಿಲು ತಟ್ಟಿದೆ.

ದಿಂಬಿನ ಚೀಲದ ವಾಸನೆ ಇನ್ನೆಷ್ಟು ದಿನ ಬಂದೀತು? ಹೊಸ ಸ್ವೆಟರು ಕಳಿಸಿದ್ದೇನೆ. ಅಲ್ಲಿಂದ ಬಂದ ದಿನದಿಂದ ಕಟ್ಟಿ ಕಳಿಸುವವರೆಗೆ ಹಗಲೂ ರಾತ್ರಿ ಮೈಮೇಲಿಂದ ತೆಗೆದಿರಲಿಲ್ಲ, ಈ ಸೆಕೆಯಲ್ಲಿ! ಮಗಳ ಸೋಪು ಮುಟ್ಟಿಲ್ಲ. ಹಳೆಯ ನೋವಿನೆಣ್ಣೆಯನ್ನೇ ತರಿಸಿ ಹಚ್ಚಿಕೊಂಡಿದ್ದೇನೆ, ಉಳಿದದ್ದನ್ನು ಸೀಸೆಯಲ್ಲಿ ಕಳಿಸಿದ್ದೇನೆ. ಅಳಿಯ ಊಟಕ್ಕೆ ತಟ್ಟೆ ಎತ್ತಿಕೊಂಡು ಆಚೆ ಕೋಣೆಗೆ ಹೋಗುತ್ತಾನೆ. ಹೋಗಲಿ. ದಯವಿಟ್ಟು ಒಗೆಯಬೇಡ.

ಬೀರುವಿನ ಬೀಗದ ಕೈ ಸ್ವೆಟರಿನ ಜೇಬಿನಲ್ಲಿದೆ. ಹಿಂದಿನ ಕೋಣೆ ಬಿಟ್ಟು ನನ್ನ ಕೋಣೆಯಲ್ಲಿ ಮಲಗು. ಆ ಹಲಗೆ ಗೋಡೆಯ ಪಕ್ಕದಲ್ಲಿ ಇನ್ನು ನೀನು ಮಲಗುವುದು ನನಗೆ ಬೇಡ.

ಇನ್ನೊಂದು. ಮೇಕೆಗೆ ಮಾತು ತಿಳಿಯುವುದಿಲ್ಲ, ದನಿ ಮಾತ್ರ ತಿಳಿಯುತ್ತದೆ. ದನಿ ನನ್ನದೇ ಇರಲಿ, ಮಾತು ಬದಲಾಯಿಸು. ನಿನ್ನ ಬಗ್ಗೆ ಏನಾದರೂ ಒಳ್ಳೆಯದು ಹೇಳು. ನಾನು ಹೇಳುತ್ತಿದ್ದೇನೆ ಎಂದೇ ತಿಳಿದುಕೋ.

ನಿನ್ನ
ಅತ್ತಿಗೆ

*

ಆಗಸ್ಟ್ ೧೨

ಅತ್ತಿಗೆ,

ಪಾರ್ಸೆಲು ಬಂತು. ಅಂಚೆಯವನು ಅದನ್ನು ಕೈ ಉದ್ದ ಚಾಚಿ ಹಿಡಿದುಕೊಂಡು ಬಂದ. ಗೇಟಿನಲ್ಲಿ ಬಿಚ್ಚುವ ಮೊದಲೇ ಯಜಮಾನಿ ಬೇಲಿ ಹಾರಲು ನೋಡಿದಳು. ನೀವು ಪಾರ್ಸೆಲಿನಲ್ಲಿ ಬಂದಿದ್ದೀರೆಂದೇ ಅವಳ ಲೆಕ್ಕ. ಒಗೆದಿಲ್ಲ. ನನ್ನ ಕೈ ತುರಿಸುತ್ತಿದೆ, ಆದರೂ ಒಗೆದಿಲ್ಲ.

ನೀವು ಬಂದುಹೋದದ್ದು ನನಗೆ ಗೊತ್ತಿರಲಿಲ್ಲ. ಕೊಟ್ಟಿಗೆಯ ಹಿಂದೆ ಕೋಲು ಊರಿದ ಗುರುತು ಕಂಡು, ವ್ಯಾಪಾರಿಯೇ ಕಳ್ಳತನದಿಂದ ಬೇಲಿ ಅಳೆದು ಹೋಗಿದ್ದಾನೆ ಎಂದುಕೊಂಡಿದ್ದೆ. ಒಳಗೆ ಬಂದಿದ್ದರೆ ಟೀ ಕೊಡುತ್ತಿದ್ದೆ. ನೀವೂ "ಚೆನ್ನಾಗಿದೆ ಸೂಜಿ" ಎನ್ನಬಹುದಿತ್ತು.

ಆ ಮಾತುಗಳನ್ನು ಮೊದಲ ಸಲ ಕೇಳಿದಾಗ ತುಂಬ ಅತ್ತೆ. ಆಮೇಲೆ ಪ್ರತಿವರ್ಷ ಕೇಳಿ ಕೇಳಿ ಬಾಯಿಪಾಠ ಆಯಿತು. ಅದೇ ಈಗ ಉಪಯೋಗಕ್ಕೆ ಬಂತು ನೋಡಿ. ಹಾಗೆಂದು ನೀವು ಹೇಳಿದ್ದೆಲ್ಲ ಸುಳ್ಳು ಎಂದೂ ಹೇಳಲಾರೆ. ಹೊಲಿಗೆ ಅಂಗಡಿಗೆ ಬೀಗ ಹಾಕಿದ್ದು ಮೂರು ತಿಂಗಳಿಗಲ್ಲ, ಪೂರ್ತಿ ಹಾಕಿದ್ದು. ಗಿರಾಕಿಗಳೆಲ್ಲ ಸಿದ್ಧ ಬಟ್ಟೆಯ ಅಂಗಡಿ ಸೇರಿ ವರ್ಷವಾಯಿತು. ನಿಮ್ಮ ಮನೆಯ ಮೇಲೆ ನನಗೆ ಕಣ್ಣಿರಲಿಲ್ಲ. ಹಿಂದಿನ ಕೋಣೆಯ ಮೇಲೆ ಇತ್ತು. ಕೇಳಲು ನಾಚಿಕೆಯಾಯಿತು. ಅದಕ್ಕೇ ನಿಮ್ಮ ಕೋಣೆಗೆ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ. ಹಲಗೆ ಗೋಡೆ ನನಗೆ ಅಭ್ಯಾಸವಾಗಿದೆ.

ನೀವು ಹೇಳಿದ ಹಾಗೆ ಮಾತು ಬದಲಾಯಿಸಿ ನೋಡಿದೆ. ನಿನ್ನೆ ಬೆಳಿಗ್ಗೆ ನಿಮ್ಮ ಸ್ವೆಟರು ಹಾಕಿಕೊಂಡು, ನಿಮ್ಮ ಎಣ್ಣೆ ಹಚ್ಚಿಕೊಂಡು, ನಿಮ್ಮ ದನಿಯಲ್ಲೇ ಅಂದೆ: "ನಮ್ಮ ಸೂಜಿ ಬಂದಿದ್ದಾಳೆ. ಒಳ್ಳೆಯವಳು. ಬಂದದ್ದು ಎಷ್ಟು ಒಳ್ಳೇದಾಯ್ತು. ಇಲ್ಲೇ ಇರಲಿ." ಯಜಮಾನಿ ಮೆಲುಕು ನಿಲ್ಲಿಸಿದಳು. ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬಕೆಟ್ಟಿಗೆ ಒಂದು ಒದೆ ಕೊಟ್ಟಳು. ಹಾಲೆಲ್ಲ ನೆಲಕ್ಕೆ ಹೋಯಿತು. ಇವತ್ತೂ ಪ್ರಯತ್ನಿಸಿದೆ, ಇವತ್ತೂ ಒದ್ದಳು.

ಹಾಗಾಗಿ ಮತ್ತೆ ಬೈದುಕೊಳ್ಳಲು ಶುರು ಮಾಡಿದ್ದೇನೆ. ಅವಳು ನಿಮ್ಮ ಕೈಯಲ್ಲೇ ಬೆಳೆದವಳಲ್ಲವೇ, ಅನುಮಾನ ಜಾಸ್ತಿ. ಆ ಮಾತನ್ನು ನೀವೇ ಬಂದು, ನಿಮ್ಮ ಬಾಯಿಂದಲೇ ಹೇಳುವವರೆಗೆ ನಂಬುವುದಿಲ್ಲವಂತೆ.

ಬೇಗ ಬನ್ನಿ. ಮೆಟ್ಟಿಲ ಮೇಲೆ ಜಾರಿಕೊಂಡು ಬರಬೇಡಿ.

ಸೂಜಿ